ಧಾರವಾಡದ ಆ ಹುಡುಗ, ಸ್ಕೂಲ್ ಬೋರ್ಡು ಮತ್ತು ನಮ್ಮೂರಿನ ಠರಾವು ಪುಸ್ತಕ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ವಾರ ನಮ್ಮ ಜಿಲ್ಲೆಯ ಸಂಘಟನೆಯವರ ಸಭೆಯಲ್ಲಿ ಸಣ್ಣ ಜಗಳ ಆಯ್ತು. ಸರ್ಕಾರಿ ಶಾಲೆಗಳ ಬಗ್ಗೆ ಒಂದು ಮನವಿ ಬರೆಯೋದಿತ್ತು. ಗೆಳೆಯರೊಬ್ಬರು, "ಶಾಲೆಯ ಪೂರ್ತಿ ಅಧಿಕಾರ ಎಸ್‌ಡಿಎಂಸಿಗೆ ಕೊಡಬೇಕು, ಮೇಷ್ಟ್ರ ನೇಮಕ, ವರ್ಗಾವಣೆ ಎಲ್ಲವೂ ಊರಿನವರ ಕೈಲಿರಬೇಕು, ಅದೇ ನಿಜವಾದ ಪ್ರಜಾಪ್ರಭುತ್ವ, ಬಾಬಾಸಾಹೇಬರ ಕನಸೂ ಅದೇ" ಅಂದರು. ಕನಸಿನ ಮಾತು ಬಿಡಿ, ಬಾಬಾಸಾಹೇಬರು 1928ರಲ್ಲಿ ಬರೆದು ಕೊಟ್ಟಿದ್ದು ಇದಕ್ಕೆ ಹೆಚ್ಚುಕಡಿಮೆ ಉಲ್ಟಾ ಇದೆ ಅಂತ ನಾನಂದೆ. ಯಾರೂ ನಂಬಲಿಲ್ಲ. "ಎಲ್ಲಿದೆ ತೋರಿಸು" ಅಂದರು. ತೋರಿಸ್ತೀನಿ. ಆದರೆ ಅದಕ್ಕೆ 1856ರ ಧಾರವಾಡದಿಂದಲೇ ಶುರು ಮಾಡಬೇಕು.

1856ರ ಜೂನ್ ತಿಂಗಳು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿನ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಸೇರೋಕೆ ಹೋದ. ಫೀ ಕಟ್ಟೋಕೆ ತಯಾರಿದ್ದ. ಧರ್ಮಕ್ಕೆ ಕೊಡಿ ಅಂತ ಕೇಳಲಿಲ್ಲ, ಎಲ್ಲರಷ್ಟೇ ಕಟ್ಟುತ್ತೀನಿ ಅಂದ. ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಆ ಹುಡುಗ ಸುಮ್ಮನೆ ಮನೆಗೆ ಹೋಗಲಿಲ್ಲ, ಮುಂಬಯಿ ಸರ್ಕಾರಕ್ಕೇ ಅರ್ಜಿ ಹಾಕಿದ! ಅರ್ಜಿ ಯಾರು ಬರೆದುಕೊಟ್ಟರೋ, ಎಷ್ಟು ಧೈರ್ಯ ಬೇಕಾಯ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ. ನಮ್ಮ ಚರಿತ್ರೆಯಲ್ಲಿ ಮಹಾಡದ ಕೆರೆಗೂ 71 ವರ್ಷ ಮುಂಚೆ, ನಮ್ಮ ನೆಲದಲ್ಲೇ ಇಂಥದ್ದೊಂದು ನಡೆದಿದೆ. ಎಷ್ಟು ಜನಕ್ಕೆ ಗೊತ್ತು?

ಜುಲೈ 21ಕ್ಕೆ ಸರ್ಕಾರದ ಠರಾವು ಹೊರಬಿತ್ತು. ನಾನು ಗುಮಾಸ್ತ. ದಿನಾ ಹತ್ತಾರು ಫೈಲ್ ನೋಡುವವನು. ಆ ಠರಾವಿನ ಸಾರ ಓದಿದಾಗ ಇದನ್ನ ನಿನ್ನೆ ತಾನೇ ನಮ್ಮ ಆಫೀಸಲ್ಲೇ ಯಾರೋ ಬರೆದ ಹಾಗಿದೆಯಲ್ಲ ಅನ್ನಿಸಿತು. ಮೊದಲನೇ ಪ್ಯಾರಾದಲ್ಲಿ, ನ್ಯಾಯ ಅರ್ಜಿದಾರನ ಕಡೆ ಇದೆ, ಅದರಲ್ಲಿ ಅನುಮಾನವೇ ಇಲ್ಲ ಅಂತ ಒಪ್ಪುತ್ತಾರೆ. ಎರಡನೇ ಪ್ಯಾರಾದಲ್ಲಿ "ಆದರೆ" ಬರುತ್ತೆ. ಯುಗಯುಗಗಳಿಂದ ಬಂದ ಭಾವನೆಗಳಿಗೆ ಒಬ್ಬಿಬ್ಬರ ಸಲುವಾಗಿ ದಿಢೀರನೆ ಕೈ ಹಾಕಿದರೆ ಶಿಕ್ಷಣದ ಕೆಲಸಕ್ಕೇ ಧಕ್ಕೆ ಆಗುತ್ತೆ, ಈ ಕಷ್ಟವನ್ನ ಹುಟ್ಟುಹಾಕಿದ್ದು ಈ ಸರ್ಕಾರವಲ್ಲ, ಹಾಗಾಗಿ ಸರ್ಕಾರ ಅದನ್ನ ತಕ್ಷಣ ತೆಗೆಯೋಕೂ ಆಗಲ್ಲ. ಇಷ್ಟೇ. ನ್ಯಾಯ ನಿನ್ನ ಕಡೆ, ಬಾಗಿಲು ಅವರ ಕಡೆ. ಫೈಲ್ ಮುಕ್ತಾಯ.

ಬಾಬಾಸಾಹೇಬರು ಎತ್ತಿ ಕೊಟ್ಟಿರುವ ಭಾಗದಲ್ಲಿ ಆ ಹುಡುಗನ ಹೆಸರಿಲ್ಲ. "ಮಹಾರ್ ಅರ್ಜಿದಾರ" ಅಷ್ಟೇ.

ವಿಷಯ ಅಲ್ಲಿಗೆ ನಿಲ್ಲಲಿಲ್ಲ ಅನ್ನೋದೂ ಹೇಳಬೇಕು. ಮುಂದಿನ ವರ್ಷ ಕಲ್ಕತ್ತೆಯಲ್ಲಿದ್ದ ಭಾರತ ಸರ್ಕಾರ, ಈ ಹುಡುಗ ಬಂಗಾಳದಲ್ಲಿದ್ದಿದ್ದರೆ ಸರ್ಕಾರಿ ಶಾಲೆಯಲ್ಲಿ ಯಾರೂ ಬೇಡ ಅಂತಿರಲಿಲ್ಲ ಅನ್ನೋ ಅರ್ಥದಲ್ಲಿ ಬರೆಯಿತು. ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕ ಮಂಡಳಿ ಇನ್ನೂ ನೇರವಾಗಿ ಹೇಳಿತು. ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕು. ಇದರಿಂದ ಕೆಲವರು ತಮ್ಮ ಮಕ್ಕಳನ್ನ ಬಿಡಿಸಿಕೊಂಡು ಹೋದರೆ ಹೋಗಲಿ, ಬೇಕಾದರೆ ತಮ್ಮ ದುಡ್ಡಿನಲ್ಲಿ ತಮ್ಮದೇ ಶಾಲೆ ಕಟ್ಟಿಕೊಳ್ಳಲಿ. ವ್ಯಾಪಾರಿ ಕಂಪನಿಯವರ ಬಾಯಲ್ಲಿ ಬಂದ ಮಾತು ಇದು. ಅವರನ್ನ ಹೊಗಳೋಕೆ ಹೇಳ್ತಿಲ್ಲ, ಲಂಡನ್ನಿನ ಈ ಕಾಗದ ಧಾರವಾಡದ ಬಾಗಿಲು ತಲುಪೋಕೆ ಎಷ್ಟು ದಶಕ ಹಿಡಿಯಿತು ಅನ್ನೋದು ನಮಗೆ ಗೊತ್ತೇ ಇದೆ. ತತ್ವ ಮೇಲೆ ಇತ್ತು, ಬೀಗದ ಕೈ ಕೆಳಗೆ ಇತ್ತು.

1882ಕ್ಕೆ ಬನ್ನಿ. ಹಂಟರ್ ಆಯೋಗ ಕೂತಿತ್ತು. ಆ ಹೊತ್ತಿಗೆ ಇಡೀ ಮುಂಬಯಿ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿ, ಸರ್ಕಾರ "ಕೆಳಜಾತಿ ಹಿಂದೂ" ಅಂತ ಬರೆದಿಟ್ಟ ಮಕ್ಕಳ ಲೆಕ್ಕ 2,862. ನೂರಕ್ಕೆ ಒಂದೂ ಇಲ್ಲ. ಆ ಆಯೋಗದ ಮುಂದೆ ಜೋತಿಬಾ ಫುಲೆ ಒಂದು ಮನವಿ ಇಟ್ಟರು. ನಮ್ಮವರು ಅದರಲ್ಲಿನ ಕಡ್ಡಾಯ ಶಿಕ್ಷಣದ ಮಾತನ್ನ ಮಾತ್ರ ನೆನಪಿಡ್ತಾರೆ. ನನಗೆ ಮುಖ್ಯ ಅನ್ನಿಸೋದು ಮೇಷ್ಟ್ರುಗಳ ಬಗ್ಗೆ ಅವರು ಆಡಿದ ಮಾತು. ಪ್ರಾಥಮಿಕ ಶಾಲೆಗೆ ತರಬೇತಾದ ಶಿಕ್ಷಕರು ಬೇಕು, ಅವರು ಆದಷ್ಟೂ ರೈತಾಪಿ ಜಾತಿಗಳಿಂದ ಬರಬೇಕು, ಮಕ್ಕಳ ಜೊತೆ ಮೈಲಿಗೆ ಅನ್ನದೆ ಬೆರೆಯುವವರಾಗಿರಬೇಕು ಅಂದರು. ಶಾಲೆಯ ಬಾಗಿಲು ತೆರೆದರೆ ಸಾಲದು, ಒಳಗೆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನೋದನ್ನೂ ನೋಡಬೇಕು ಅಂತ ಆ ಕಾಲದಲ್ಲೇ ಹೇಳಿದವರು ಫುಲೆ.

ಆ ಕುರ್ಚಿಯ ವಿಷಯ ಎಷ್ಟು ದೊಡ್ಡದು ಅನ್ನೋದಕ್ಕೆ ಬಾಬಾಸಾಹೇಬರ ಬಾಲ್ಯವೇ ಸಾಕ್ಷಿ. ಸಾತಾರಾದ ಶಾಲೆಯಲ್ಲಿ ಅವರು ಸೇರ್ಪಡೆ ಆಗಿದ್ದರು, ಹಾಜರಿ ಪುಸ್ತಕದಲ್ಲಿ ಹೆಸರಿತ್ತು. ಆದರೆ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಮೂಲೆಯಲ್ಲಿ ಕೂರಬೇಕು. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಜವಾನ ಇಲ್ಲದ ದಿನ ನೀರಿಲ್ಲ. ಕಡತದಲ್ಲಿ ನೋಡಿದರೆ ಎಲ್ಲ ಸರಿ ಇದೆ: ಅಸ್ಪೃಶ್ಯ ವಿದ್ಯಾರ್ಥಿ, ದಾಖಲಾಗಿದ್ದಾನೆ, ಹಾಜರಿದ್ದಾನೆ.

ಈಗ 1923. ಒಂದೇ ವರ್ಷದಲ್ಲಿ ಮುಂಬಯಿಯಲ್ಲಿ ಎರಡು ಕೆಲಸ ಆದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಒಂದು, ಆಗಸ್ಟ್ ತಿಂಗಳಲ್ಲಿ ಎಸ್.ಕೆ. ಬೋಳೆ ಅವರು ವಿಧಾನ ಪರಿಷತ್ತಿನಲ್ಲಿ ಮಂಡಿಸಿದ ಠರಾವು. ಸಾರ್ವಜನಿಕ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕೋರ್ಟು, ದವಾಖಾನೆ ಎಲ್ಲವೂ ಅಸ್ಪೃಶ್ಯರಿಗೆ ಮುಕ್ತ. ಮಹಾಡ್ ಸತ್ಯಾಗ್ರಹಕ್ಕೆ ಆಧಾರವಾಗಿದ್ದು ಇದೇ ಠರಾವು. ಎರಡು, ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ. ಇದರ ಪ್ರಕಾರ ಪ್ರಾಥಮಿಕ ಶಾಲೆಗಳ ಆಡಳಿತ ಸರ್ಕಾರದ ಇಲಾಖೆಯಿಂದ ಜಿಲ್ಲಾ ಲೋಕಲ್ ಬೋರ್ಡು ಮತ್ತು ಮುನಿಸಿಪಾಲಿಟಿಗಳ ಕೈಗೆ ಹೋಯ್ತು. ಅವು ಸ್ಕೂಲ್ ಬೋರ್ಡ್ ರಚಿಸಿಕೊಂಡವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯ ಹಿರಿಯರು ಈಗಲೂ "ಬೋರ್ಡಿನ ಸಾಲಿ" "ಬೋರ್ಡಿನ ಮಾಸ್ತರ" ಅಂತಾರಲ್ಲ, ಅದರ ಮೂಲ ಇದು.

ಅಂದರೆ ಏನಾಯ್ತು? ಒಂದು ಕೈಯಲ್ಲಿ ಸರ್ಕಾರ "ಶಾಲೆ ನಿಮಗೂ ಮುಕ್ತ" ಅಂತ ಹೇಳಿತು. ಇನ್ನೊಂದು ಕೈಯಲ್ಲಿ ಶಾಲೆಯನ್ನೇ ತೆಗೆದು ಊರ ಪ್ರಮುಖರ ಕೈಗೆ ಕೊಟ್ಟಿತು. ಆಗ ಮತದಾನ ಎಲ್ಲರಿಗೂ ಇರಲಿಲ್ಲ, ಆಸ್ತಿ, ತೆರಿಗೆ ಲೆಕ್ಕದಲ್ಲಿ ಇತ್ತು. ಭೂಮಿ ಇದ್ದವನಿಗೆ ಓಟು, ಓಟಿದ್ದವನಿಗೆ ಲೋಕಲ್ ಬೋರ್ಡು, ಲೋಕಲ್ ಬೋರ್ಡಿದ್ದವನಿಗೆ ಸ್ಕೂಲ್ ಬೋರ್ಡು. ಮೇಷ್ಟ್ರ ನೇಮಕ ಅವರದು, ವರ್ಗಾವಣೆ ಅವರದು, ಶಾಲೆ ಯಾವ ಓಣಿಯಲ್ಲಿ ನಡೀಬೇಕು ಅನ್ನೋದೂ ಅವರದು. ಶಾಲೆ ಗುಡಿಯ ಕಟ್ಟೆಯಲ್ಲೋ ಛಾವಡಿಯಲ್ಲೋ ನಡೆದರೆ ನಮ್ಮ ಮಗು ಎಲ್ಲಿ ಕೂರಬೇಕು? ಹೊರಗೆ. ಯಾರೂ "ನಿನ್ನ ಸೇರಿಸಲ್ಲ" ಅಂತ ಬರೆದು ಕೊಡಬೇಕಾಗಿಲ್ಲ, ಜಾಗವೇ ಆ ಕೆಲಸ ಮಾಡುತ್ತೆ.

ಬೋಳೆಯವರಿಗೆ ಇದು ಮೂರೇ ವರ್ಷದಲ್ಲಿ ಅರ್ಥವಾಗಿತ್ತು. 1926ರಲ್ಲಿ ಮತ್ತೊಂದು ಠರಾವು ತಂದರು. ಅಸ್ಪೃಶ್ಯರಿಗೆ ಪ್ರವೇಶ ಕೊಡದ ಮುನಿಸಿಪಾಲಿಟಿ, ಲೋಕಲ್ ಬೋರ್ಡುಗಳಿಗೆ ಸರ್ಕಾರದ ಅನುದಾನ ಕೊಡಬಾರದು ಅಂತ. ಬುದ್ಧಿ ಹೇಳಿದರೆ ಕೇಳದವರಿಗೆ ದುಡ್ಡಿನ ಭಾಷೆ.

ಇಲ್ಲಿಗೆ ನಮ್ಮ ಜಗಳದ ಜಾಗಕ್ಕೆ ಬಂದೆ. 1928ರ ಮೇ 29. ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಬಾಬಾಸಾಹೇಬರು ಮುಂಬಯಿ ಪ್ರಾಂತ್ಯದ ಶೋಷಿತ ವರ್ಗಗಳ ಶಿಕ್ಷಣದ ಸ್ಥಿತಿ ಕುರಿತು ಒಂದು ಹೇಳಿಕೆ ಕೊಟ್ಟರು. ಧಾರವಾಡದ ಆ ಹುಡುಗನ ಕಥೆಯನ್ನ 72 ವರ್ಷ ಆದ ಮೇಲೆ ಕಡತದಿಂದ ಹೊರಗೆ ತೆಗೆದಿದ್ದು ಅದರಲ್ಲೇ. ಕೊನೆಯಲ್ಲಿ ಮುಖ್ಯವಾಗಿ ನಾಲ್ಕು ಮಾತು ಹೇಳ್ತಾರೆ. ಪ್ರಾಥಮಿಕ ಶಿಕ್ಷಣ ಕಾಯ್ದೆಯನ್ನ ರದ್ದು ಮಾಡಿ ಶಾಲೆಗಳನ್ನ ಸ್ಕೂಲ್ ಬೋರ್ಡುಗಳಿಗೆ ಹಸ್ತಾಂತರಿಸೋದನ್ನ ನಿಲ್ಲಿಸದಿದ್ದರೆ ನಮ್ಮ ಜನರ ಶಿಕ್ಷಣಕ್ಕೆ ದೊಡ್ಡ ಹಿನ್ನಡೆ ಆಗುತ್ತೆ, ಇದು ಮೊದಲನೇದು. ಮೊದಲನೇದೇ ಇದು, ಗಮನಿಸಿ. ಆಮೇಲೆ, ಶಿಕ್ಷಣ ಕಡ್ಡಾಯ ಆಗಬೇಕು, ಪ್ರವೇಶವನ್ನ ಕಟ್ಟುನಿಟ್ಟಾಗಿ ಜಾರಿ ಮಾಡಬೇಕು. ಮುಸ್ಲಿಮರ ಶಿಕ್ಷಣಕ್ಕೆ ಹಂಟರ್ ಆಯೋಗ ಮಾಡಿದ ಶಿಫಾರಸುಗಳನ್ನ ನಮಗೂ ಅನ್ವಯಿಸಬೇಕು. ಸರ್ಕಾರಿ ನೌಕರಿಯಲ್ಲಿ ಜಾಗ ಸಿಗದಿದ್ದರೆ ಓದೋಕೆ ಉತ್ಸಾಹ ಎಲ್ಲಿಂದ ಬರಬೇಕು, ಹಾಗಾಗಿ ಅಲ್ಲಿ ಜಾಗ ಬೇಕು.

ನೋಡಿದ್ರಾ? "ಸ್ಥಳೀಯ ಆಡಳಿತ" ಅನ್ನೋ ಪದ ಕೇಳಿದ ತಕ್ಷಣ ಕೈ ಮುಗಿಯೋ ಮನುಷ್ಯ ಅವರಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗ್ಗೆ ಅವರು ಆಡಿದ ಕಟು ಮಾತು ಎಲ್ಲರಿಗೂ ಗೊತ್ತು. ಅದು ಅವತ್ತು ಇದ್ದಕ್ಕಿದ್ದ ಹಾಗೆ ಬಂದ ಸಿಟ್ಟಲ್ಲ. ಅದರ ಹಿಂದೆ ಸ್ಕೂಲ್ ಬೋರ್ಡಿನ ಈ ಅನುಭವವೂ ಇತ್ತು ಅಂತ ನನ್ನ ಅನಿಸಿಕೆ.

ಅವರೊಬ್ಬರೇ ಅಲ್ಲ. 1929ರಲ್ಲಿ ಬಂದ ಹಾರ್ಟಾಗ್ ಸಮಿತಿ ವರದಿಯೂ ಪ್ರಾಥಮಿಕ ಶಿಕ್ಷಣದ ಅಧಿಕಾರವನ್ನ ಸ್ಥಳೀಯ ಸಂಸ್ಥೆಗಳಿಗೆ ಅತಿಯಾಗಿ ಬಿಟ್ಟುಕೊಟ್ಟಿದ್ದು ತಪ್ಪು ಅಂದಿತು. ಮೈಸೂರು ಸಂಸ್ಥಾನ 1930ರ ಕಾಯ್ದೆಯಿಂದ ಪ್ರಾಥಮಿಕ ಶಾಲೆಗಳನ್ನ ಸ್ಥಳೀಯ ಪ್ರಾಧಿಕಾರಗಳಿಗೆ ಕೊಟ್ಟು, 1941ರಲ್ಲಿ ವಾಪಸ್ ತಗೊಂಡಿತು. ಮುಂಬಯಿಯಲ್ಲಿ 1938ರಲ್ಲಿ ಕಾಯ್ದೆ ತಿದ್ದಿ ಬೋರ್ಡುಗಳ ಹಿಡಿತ ಸಡಿಲ ಮಾಡಿದರು, ಬೋರ್ಡಿನ ಆಡಳಿತಾಧಿಕಾರಿ ಸರ್ಕಾರದ ಮನುಷ್ಯ ಆದ. 1947ಕ್ಕೆ ಹೊಸ ಕಾಯ್ದೆಯೇ ಬಂತು.

ಮೇಷ್ಟ್ರುಗಳ ವಿಷಯ ಇನ್ನೊಂದು ಸ್ವಲ್ಪ ಹೇಳಬೇಕು. 1928ರ ಕೊನೆಗೆ ಮುಂಬಯಿ ಸರ್ಕಾರ ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಬಾಬಾಸಾಹೇಬರೂ ಅದರ ಸದಸ್ಯರು. 1930ರಲ್ಲಿ ವರದಿ ಬಂತು, ಪ್ರತ್ಯೇಕ ಶಾಲೆ ಬೇಡ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರಬೇಕು ಅನ್ನೋದು ಅದರ ಒಲವು. ಈ ಸಮಿತಿಯ ಕೆಲಸಕ್ಕೆ ತಿರುಗಾಡುವಾಗಲೇ ಚಾಳೀಸಗಾಂವದಲ್ಲಿ ಸವರ್ಣ ಟಾಂಗಾದವರು ಬಾಬಾಸಾಹೇಬರನ್ನ ಕೂರಿಸಿಕೊಳ್ಳೋಕೆ ಒಪ್ಪದೆ, ಗಾಡಿ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಹೊಡೆಯೋಕೆ ಹೋಗಿ, ಸೇತುವೆಯ ಕಲ್ಲುಹಾಸಿನ ಮೇಲೆ ಅವರು ಬಿದ್ದು ಕಾಲು ಮುರಿದುಕೊಂಡದ್ದು. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸೋಕೆ ಹೋದ ಸರ್ಕಾರಿ ಸಮಿತಿಯ ಸದಸ್ಯನಿಗೆ ಟಾಂಗಾ ಸಿಗಲಿಲ್ಲ.

ಅದೇ 1929ರ ಡಿಸೆಂಬರಿನಲ್ಲಿ ಗಾಂಧಿಯವರ ಪತ್ರಿಕೆಯಲ್ಲಿ ಕಾಠಿಯಾವಾಡದ ಒಬ್ಬ ದಲಿತ ಮೇಷ್ಟ್ರ ಪತ್ರ ಅಚ್ಚಾಯಿತು. ಹೆಂಡತಿ ಬಾಣಂತಿ, ಜ್ವರ. ಡಾಕ್ಟರ್ ಕೇರಿಗೆ ಬರೋಕೆ ಒಪ್ಪಲಿಲ್ಲ, ದೊಡ್ಡವರ ಶಿಫಾರಸು, ದುಡ್ಡು ಎಲ್ಲ ಆದ ಮೇಲೆ ಬಂದು, ಥರ್ಮಾಮೀಟರನ್ನ ಮುಸ್ಲಿಮನೊಬ್ಬನ ಕೈಗೆ ಕೊಟ್ಟು, ಅವನಿಂದ ಮೇಷ್ಟ್ರಿಗೆ, ಮೇಷ್ಟ್ರಿಂದ ಹೆಂಡತಿಗೆ ಕೊಡಿಸಿ ದೂರದಿಂದಲೇ ನೋಡಿ ಹೋದ. ಮುಂದೆ ಬರಲಿಲ್ಲ. ಆಕೆ ತೀರಿಕೊಂಡಳು. ಬಾಬಾಸಾಹೇಬರು ಇದನ್ನ ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ಸೇರಿಸಿದ್ದಾರೆ. ದಲಿತರಿಂದ ಮೇಷ್ಟ್ರು ಬರಲಿಲ್ಲ, ಬಂದವರು ನಿಲ್ಲಲಿಲ್ಲ ಅಂತ ಸಲೀಸಾಗಿ ಹೇಳ್ತಾರಲ್ಲ, ಹಳ್ಳಿಗೆ ಪೋಸ್ಟಿಂಗ್ ಆದ ನಮ್ಮ ಮೇಷ್ಟ್ರಿಗೆ ಬಾಡಿಗೆ ಮನೆ ಕೊಟ್ಟವರು ಯಾರು, ನೀರು ಕೊಟ್ಟವರು ಯಾರು ಅಂತ ಯಾರೂ ಲೆಕ್ಕ ಇಟ್ಟಿಲ್ಲ.

ಬಾಬಾಸಾಹೇಬರು ಅರ್ಜಿ ಬರೆದು ಸುಮ್ಮನಾಗಲೂ ಇಲ್ಲ. ಅವರ ಶಿಕ್ಷಣ ಸಂಸ್ಥೆಯಿಂದ ನಡೆದ ಹಾಸ್ಟೆಲುಗಳಲ್ಲಿ ಒಂದು ಧಾರವಾಡದಲ್ಲೇ ಇತ್ತು. 1856ರಲ್ಲಿ ಒಬ್ಬನಿಗೆ ಬಾಗಿಲು ಹಾಕಿದ ಊರಿನಲ್ಲೇ.

ಈಗ ನಮ್ಮ ಗೆಳೆಯರ ಪ್ರಶ್ನೆಗೆ ನ್ಯಾಯವಾಗಿ ಉತ್ತರ ಕೊಡಬೇಕು. ಹಾಗಾದರೆ ಎಲ್ಲ ಅಧಿಕಾರವೂ ಬೆಂಗಳೂರಿನಲ್ಲೇ ಇರಲಿ ಅಂತೀಯಾ ಅಂತ ಕೇಳಿದರು. ಇಲ್ಲ. 1856ರಲ್ಲಿ ಆ ಹುಡುಗನನ್ನ ತಡೆದದ್ದು ಬೋರ್ಡಲ್ಲ, ಆಗ ಬೋರ್ಡೇ ಇರಲಿಲ್ಲ. ತಡೆದದ್ದು ಸರ್ಕಾರಿ ಶಾಲೆ, ಸಮರ್ಥಿಸಿದ್ದು ಸರ್ಕಾರ. ಆದ್ದರಿಂದ ಬಾಬಾಸಾಹೇಬರ ಮಾತನ್ನ "ಸರ್ಕಾರ ಒಳ್ಳೇದು, ಊರು ಕೆಟ್ಟದ್ದು" ಅಂತ ಓದಿದರೆ ತಪ್ಪಾಗುತ್ತೆ. ನಾಲ್ಕು ಮಾತನ್ನೂ ಕೂಡಿಸಿ ಓದಬೇಕು. ಮೇಲಿನಿಂದ ಜಾರಿ ಮಾಡೋ ಕಾನೂನು ಬೇಕು, ಒಳಗೆ ನಮ್ಮ ನೌಕರರೂ ಬೇಕು. ಇವೆರಡೂ ಇಲ್ಲದೆ ಅಧಿಕಾರ ಎಲ್ಲಿಟ್ಟರೂ ಅದು ಊರಗೌಡನ ಜೇಬಿಗೇ ಹೋಗುತ್ತೆ.

ಈಗಿನ ಕಾನೂನು ಆವತ್ತಿನದಲ್ಲ, ಅದನ್ನೂ ಒಪ್ಪಬೇಕು. 2001ರಿಂದ ನಮ್ಮಲ್ಲಿ ಎಸ್‌ಡಿಎಂಸಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಓದಿ: ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧ ಹೆಂಗಸರು, ದುರ್ಬಲ ವರ್ಗದ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ. ಅನುದಾನ ಹೇಗೆ ಖರ್ಚಾಯ್ತು ಅಂತ ನೋಡೋದು ಆ ಸಮಿತಿಯ ಕೆಲಸ. 26ನೇ ಕಲಂ ಪ್ರಕಾರ ಮಂಜೂರಾದ ಶಿಕ್ಷಕ ಹುದ್ದೆಯಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಬಿಡುವ ಹಾಗಿಲ್ಲ. ಹಾಗಿಲ್ಲ ಅಂತ ಇದೆ. ನಿಮ್ಮ ಊರಿನ ಶಾಲೆಗೆ ಹೋಗಿ ಎಣಿಸಿ ನೋಡಿ.

ನಾನು ಎಣಿಸಿದೆ. ನಮ್ಮ ತಾಲೂಕಿನ ಒಂದು ಶಾಲೆ, ಹೆಸರು ಬೇಡ. ಐದು ತರಗತಿ, ಕಾಯಂ ಮೇಷ್ಟ್ರು ಒಬ್ಬರೇ, ಜೊತೆಗೆ ಒಬ್ಬ ಅತಿಥಿ ಶಿಕ್ಷಕಿ. ಆ ಮೇಷ್ಟ್ರು ಮೀಟಿಂಗು, ಬಿಸಿಯೂಟದ ಲೆಕ್ಕ ಅಂತ ತಿರುಗಿದ ದಿನ ಆ ಹೆಣ್ಣುಮಗಳೇ ಇಡೀ ಶಾಲೆ. ಮಕ್ಕಳು ಹೆಚ್ಚಿನವರು ನಮ್ಮ ಕೇರಿಯವರೇ, ಉಳಿದವರು ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗ್ತಾರೆ. ಲಂಡನ್ನಿನವರು "ಬೇಡದವರು ಬೇರೆ ಶಾಲೆ ಕಟ್ಟಿಕೊಳ್ಳಲಿ" ಅಂದಿದ್ದರಲ್ಲ, ಅದು ನಿಜವಾಗಿದೆ, ಬೇರೆ ರೀತಿಯಲ್ಲಿ. ದಲಿತ ಹೆಂಗಸು ಅಡುಗೆ ಮಾಡಿದಳು ಅಂತ ಮಕ್ಕಳನ್ನ ಶಾಲೆಯಿಂದ ಬಿಡಿಸಿಕೊಂಡು ಹೋದ ಸುದ್ದಿ ಕೋಲಾರ ಜಿಲ್ಲೆಯಿಂದ ಬಂದಿದ್ದನ್ನ ನೀವೂ ಓದಿದ್ದೀರಿ.

ಅದೇ ಶಾಲೆಯ ಮೂರು ವರ್ಷದ ಎಸ್‌ಡಿಎಂಸಿ ನಡಾವಳಿ ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೊದಲು ಕರೆದು ಟೀ ಕೊಟ್ಟರು. ಆಮೇಲೆ "ಯಾಕ್ರೀ ಇದೆಲ್ಲ, ನೀವೂ ನೌಕರರು" ಅಂದರು. ಕೊನೆಗೆ ಪ್ರತಿ ಕೊಟ್ಟರು. ಠರಾವು ಪುಸ್ತಕ ನೋಡೋದು ನನ್ನ ಹೊಟ್ಟೆಪಾಡು, ನೋಡಿದ ತಕ್ಷಣ ಗೊತ್ತಾಯ್ತು. ಬೇರೆ ಬೇರೆ ತಿಂಗಳ ನಾಲ್ಕು ಸಭೆ, ಒಂದೇ ಅಕ್ಷರ, ಒಂದೇ ಶಾಯಿ, ಒಂದೇ ಕಡೆ ಕಾಟು. ಒಂದೇ ದಿನ ಕೂತು ಬರೆದದ್ದು. ಎಲ್ಲದರಲ್ಲೂ "ಸರ್ವಾನುಮತದಿಂದ ಒಪ್ಪಲಾಯಿತು". ಏನು ಒಪ್ಪಿದ್ದು? ಎಷ್ಟು ದುಡ್ಡು ಬಂತು, ಯಾವುದಕ್ಕೆ ಹೋಯ್ತು? ಆ ಸಾಲು ಖಾಲಿ. ಖಾಲಿ ಹುದ್ದೆ ತುಂಬಿ ಅಂತ ಮೇಲಿನವರಿಗೆ ಬರೆದ ಒಂದು ಪತ್ರದ ಸುದ್ದಿಯೂ ಇಲ್ಲ. ನಮ್ಮ ಕೇರಿಯ ಸದಸ್ಯೆಯದು ಎಲ್ಲ ಸಭೆಗೂ ಹೆಬ್ಬೆಟ್ಟು ಇದೆ.

ಆ ಅವ್ವನ ಮನೆಗೆ ಹೋಗಿ ಕೇಳಿದೆ. "ಮೀಟಿಂಗಾ? ನನ್ನ ಯಾರು ಕರದಾರ? ಮನೀಗೆ ಬಂದು ಒತ್ತಿಸ್ಕೊಂಡು ಹೋದ್ರು. ರೇಷನ್ನಿನದು ಅಂದ್ಕೊಂಡಿದ್ದೆ" ಅಂದಳು.

1928ರಲ್ಲಿ ಬೋರ್ಡಿನಲ್ಲಿ ನಮಗೆ ದನಿ ಇಲ್ಲ ಅಂತ ಜಗಳ. ಈಗ ದನಿ ಇದೆ, ಹೆಬ್ಬೆಟ್ಟಿನ ರೂಪದಲ್ಲಿ, ಪುಸ್ತಕದಲ್ಲಿ. ಅದಕ್ಕೇ ಮನವಿಯಲ್ಲಿ ನೇಮಕದ ಅಧಿಕಾರ ಕೇಳೋದು ಬೇಡ ಅಂತ ನಾನು ಹಟ ಹಿಡಿದದ್ದು. ಇದೇ ಪುಸ್ತಕ ಬರೆಯೋ ಕೈಗೆ ಮೇಷ್ಟ್ರ ನೇಮಕವನ್ನೂ ಕೊಟ್ಟರೆ ಆ ಅತಿಥಿ ಶಿಕ್ಷಕಿಯ ಕೆಲಸ ಮುಂದಿನ ವರ್ಷ ಯಾರ ಸೊಸೆಗೆ ಹೋಗುತ್ತೆ ಅಂತ ಈಗಲೇ ಬರೆದು ಕೊಡ್ತೀನಿ. ನಾವು ಕೇಳಬೇಕಾದ್ದು ಇಷ್ಟು: ಖಾಲಿ ಹುದ್ದೆ ಎಷ್ಟು ಅಂತ ಶಾಲೆಯ ಗೋಡೆಯ ಮೇಲೆ ಬರೆಯಲಿ. ಬಂದ ಅನುದಾನ, ಆದ ಖರ್ಚು ಅದರ ಪಕ್ಕದಲ್ಲೇ ಬರೆಯಲಿ. ಸಭೆಯ ನಡಾವಳಿಯನ್ನ ಸಭೆಯಲ್ಲೇ ಗಟ್ಟಿಯಾಗಿ ಓದಿ, ಆಮೇಲೆ ಸಹಿ ಹಾಕಿಸಲಿ. ನೇಮಕ ಸರ್ಕಾರವೇ ಮಾಡಲಿ, ಮೀಸಲಾತಿ ಲೆಕ್ಕದಲ್ಲಿ, ಕಾಯಂ ಆಗಿ. ಗೆಳೆಯರು ಪೂರ್ತಿ ಒಪ್ಪಿಲ್ಲ. ಇದು ಓದಿದ ಮೇಲೆ ಮತ್ತೆ ಜಗಳ ಆಡೋಣ.

ಈ ಶನಿವಾರ ಆ ಶಾಲೆಯಲ್ಲಿ ಸಭೆ ಇದೆ ಅಂತ ಈ ಸಲ ನೋಟಿಸು ಬಂದಿದೆ, ಅವ್ವನಿಗೂ ಬಂದಿದೆ. "ನಾ ಹೋಗಿ ಏನ್ ಮಾತಾಡ್ಲೋ ತಮ್ಮಾ" ಅಂದಳು. ಏನೂ ಬೇಡ ಅವ್ವಾ, ಹಿಂದಿನ ಮೀಟಿಂಗಿನ ಪುಸ್ತಕ ಓದ್ರಿ ಅಂತ ಅಷ್ಟೇ ಕೇಳು ಅಂದೆ. "ನನಗೆಲ್ಲಿ ಓದಾಕ ಬರ್ತೈತಿ?" ಅಂದಳು. ನೀನಲ್ಲ, ಅವರು ಓದಲಿ, ನೀನು ಕೇಳಿಸ್ಕೊ ಅಂದೆ. ನಾನೂ ಅರ್ಧ ದಿನ ರಜೆ ಹಾಕಿದ್ದೀನಿ. ಆ ಕಡೆಯ ಗೆಳೆಯರು ಬರುವುದಾದರೆ ಹನ್ನೊಂದು ಗಂಟೆಗೆ ಶಾಲೆಯ ಹತ್ತಿರ ಬನ್ನಿ. ನಿಮ್ಮ ಊರಿನ ನಡಾವಳಿ ಪ್ರತಿ ತೆಗೆಸಿದವರು ಇದ್ದರೆ ಇನ್‌ಬಾಕ್ಸಿಗೆ ಕಳಿಸಿ, ಅಕ್ಷರ, ಶಾಯಿ ಎಲ್ಲ ನೋಡಿ ಹೇಳ್ತೀನಿ.

ಜೈ ಭೀಮ್.